ತಿರುಪುಮೊಳೆಗೆ ನಿಯಮ ಕೊಟ್ಟ ಜೋಸೆಫ್ ವಿಟ್‌ವರ್ತ್

ಬೀದರ್ ನಗರದ ಮೋಟಾರು ದುರಸ್ತಿಯ ಅಂಗಡಿಗಳಲ್ಲಾಗಲಿ, ಭಾಲ್ಕಿ ಔರಾದಗಳ ರಸ್ತೆಬದಿಯ ತಗಡಿನ ಚಪ್ಪರಗಳಲ್ಲಾಗಲಿ, ಮಿಸ್ತ್ರಿಯು ಕೈಚಾಚಿ ಹನ್ನೆರಡು-ಹದಿಮೂರರ ಪಾನಾ ಕೇಳಿದರೆ ಹುಡುಗನು ನೋಡದೆಯೇ ಅದನ್ನು ಎತ್ತಿ ಕೊಡುತ್ತಾನೆ. ಅಳತೆ ಒಂದಾದರೆ ಎಲ್ಲಿಯ ಬೋಲ್ಟಿಗೂ ಎಲ್ಲಿಯ ನಟ್ಟಾದರೂ ಕೂಡಬೇಕೆಂಬುದು ನಮಗೆ ಇಂದು ಪ್ರಕೃತಿಯ ನಿಯಮವೆಂಬಂತೆ ತೋರುತ್ತದೆ. ಆದರೆ ಇನ್ನೂರು ವರ್ಷಗಳ ಹಿಂದೆ ಲೋಕದಲ್ಲಿ ಇಂತಹ ನಿಯಮವಿರಲಿಲ್ಲ. ಒಂದೊಂದು ಕಾರ್ಖಾನೆಗೆ ಒಂದೊಂದು ತಿರುಪು. ಬೋಲ್ಟು ಕಳೆದರೆ ಅದನ್ನು ಮಾಡಿದವನ ಬಾಗಿಲಿಗೇ ಹೋಗಬೇಕು. ಈ ಅರಾಜಕತೆಯನ್ನು ಕೊನೆಗಾಣಿಸಿದವನು ಜೋಸೆಫ್ ವಿಟ್‌ವರ್ತ್.

ಆತನು ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ. ತಂದೆ ಶಾಲಾ ಉಪಾಧ್ಯಾಯ, ಬಳಿಕ ಧರ್ಮಬೋಧಕ. ತಾಯಿಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡ ಹುಡುಗನನ್ನು ಹದಿನಾಲ್ಕರ ಪ್ರಾಯದಲ್ಲಿ ಸೋದರಮಾವನ ಹತ್ತಿಗಿರಣಿಗೆ ಸೇರಿಸಿದರು. ಮುಂದೆ ಗಿರಣಿಯ ಪಾಲುದಾರನಾಗಬಹುದಿತ್ತು. ಹುಡುಗನಿಗೆ ಬಟ್ಟೆಯ ವ್ಯಾಪಾರ ಬೇಡವಾಗಿತ್ತು. ಬಟ್ಟೆ ನೇಯುವ ಯಂತ್ರ ಬೇಕಾಗಿತ್ತು. ಒಂದು ದಿನ ಹೇಳದೆ ಕೇಳದೆ ಮ್ಯಾಂಚೆಸ್ಟರಿಗೆ ಓಡಿಹೋಗಿ ಸಾಮಾನ್ಯ ಕೆಲಸಗಾರನಾದನು. 1825ರಲ್ಲಿ ಲಂಡನ್ನಿನ ಹೆನ್ರಿ ಮಾಡ್‌ಸ್ಲೆಯ ಕಾರ್ಖಾನೆಯನ್ನು ಸೇರಿದನು. ಆ ಕಾಲದ ಯಂತ್ರಕರ್ಮಿಗಳಿಗೆ ಅದೊಂದು ಗುರುಕುಲವೇ ಆಗಿತ್ತು. ತರುವಾಯ ಜೋಸೆಫ್ ಕ್ಲೆಮೆಂಟ್‌ನಲ್ಲಿಯೂ ದುಡಿದನು. ಬ್ಯಾಬೇಜನ ಗಣಕಯಂತ್ರದ ಭಾಗಗಳು ಸಿದ್ಧವಾಗುತ್ತಿದ್ದುದು ಆ ಕ್ಲೆಮೆಂಟ್‌ನ ಕಾರ್ಖಾನೆಯಲ್ಲಿ.

ವಿಟ್‌ವರ್ತನ ಮೊದಲ ಸಿದ್ಧಿ ತಿರುಪಲ್ಲ, ಸಮತಲ. ಬಿದರಿ ಕಲಾವಿದನು ಎರಕದ ಹೂಜಿಯನ್ನು ಅರದಿಂದ ಉಜ್ಜಿ ನುಣುಪು ಮಾಡುವುದನ್ನು ಬೀದರಿನವರು ಕಂಡಿದ್ದಾರೆ. ಅಲ್ಲಿ ಕಣ್ಣೂ ಬೆರಳೂ ಒಪ್ಪಿದರೆ ಸಾಕು. ಯಂತ್ರಕ್ಕೆ ಅಷ್ಟು ಸಾಲದು. ಎರಡು ಲೋಹದ ಹಲಗೆಗಳನ್ನು ಒಂದಕ್ಕೊಂದು ಹೊಂದಿಸುತ್ತ ಹೋದರೆ ಒಂದು ಉಬ್ಬಿ, ಇನ್ನೊಂದು ತಗ್ಗಿ, ಎರಡೂ ಸರಿಯಾಗಿ ಕೂಡಿಬಿಡಬಹುದು. ಸುಳ್ಳಿಗೆ ಸುಳ್ಳು ಸಾಕ್ಷಿ! ಮೂರು ಹಲಗೆಗಳನ್ನು ಎರಡೆರಡಾಗಿ ಅದಲುಬದಲು ಮಾಡಿ ಪರೀಕ್ಷಿಸಿದರೆ ಈ ಮೋಸ ನಿಲ್ಲಲಾರದು. ಮೂರೂ ಪರಸ್ಪರ ಕೂಡುವುದು ಮೂರೂ ಸಮವಾಗಿದ್ದಾಗ ಮಾತ್ರ. ಕುರುಂದದ ಪುಡಿಯಿಂದ ತಿಕ್ಕುವುದನ್ನು ಬಿಟ್ಟು, ಬಣ್ಣ ಹಚ್ಚಿ ಎದ್ದ ಬಿಂದುಗಳನ್ನು ಗುರುತಿಸಿ ಕೆರೆದು ತೆಗೆಯುವ ಕ್ರಮವನ್ನು ಆತನು ಪರಿಪೂರ್ಣಗೊಳಿಸಿದನು. 1833ರಲ್ಲಿ ಮ್ಯಾಂಚೆಸ್ಟರಿಗೆ ಮರಳಿ ಸ್ವಂತ ಕಾರ್ಖಾನೆಯನ್ನು ತೆರೆದನು. 1851ರ ಮಹಾಪ್ರದರ್ಶನದಲ್ಲಿ ಅಂಗುಲದ ಹತ್ತು ಲಕ್ಷದ ಒಂದು ಭಾಗವನ್ನು ಗುರುತಿಸುವ ಮಾಪಕವನ್ನು ಜನರ ಮುಂದಿಟ್ಟನು.

ತಿರುಪಿನ ಪ್ರಬಂಧ ಬಂದುದು 1841ರಲ್ಲಿ. ಅದರ ಹಿಂದಿನ ವಿವೇಕವು ಗಮನಾರ್ಹವಾದುದು. ತನ್ನ ತಿರುಪೇ ಶ್ರೇಷ್ಠವೆಂದು ಆತನು ಹಟ ಹಿಡಿಯಲಿಲ್ಲ. ಅನೇಕ ಕಾರ್ಖಾನೆಗಳಿಂದ ಬೋಲ್ಟುಗಳನ್ನು ತರಿಸಿ ಅಳೆದು, ಅವುಗಳ ಸರಾಸರಿಯನ್ನು ತೆಗೆದನು. ಸುತ್ತುಗಳ ನಡುವಣ ಕೋನ 55 ಅಂಶ. ಏಣೂ ತಳವೂ ದುಂಡಗೆ. ಪ್ರತಿಯೊಂದು ದಪ್ಪಕ್ಕೂ ಅಂಗುಲಕ್ಕೆ ಇಷ್ಟೇ ಸುತ್ತುಗಳೆಂಬ ನಿಯಮ. ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟರೆ ಎಲ್ಲರಿಗೂ ಲಾಭವೆಂಬುದನ್ನು ರೈಲ್ವೆ ಕಂಪನಿಗಳು ಬೇಗನೆ ಅರಿತವು.

ಬಂದೂಕಿನ ವಿಷಯದಲ್ಲಿ ಆತನಿಗೆ ಈ ಭಾಗ್ಯ ಲಭಿಸಲಿಲ್ಲ. ಆರು ಮೂಲೆಯ ನಳಿಗೆಯ ಆತನ ರೈಫಲು 1857ರ ಪರೀಕ್ಷೆಗಳಲ್ಲಿ ಸರಕಾರದ ಬಂದೂಕನ್ನು ಮೀರಿಸಿದರೂ ಸೈನ್ಯ ಅದನ್ನು ಸ್ವೀಕರಿಸಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಗುರಿಕಾರರು ಅದನ್ನು ಬಳಸಿದರು. ಜೋಡಿಸುವುದೇ ಬಾಳಿನ ಕಾರ್ಯವಾಗಿದ್ದವನಿಗೆ ಈ ಕೀರ್ತಿ ಅಷ್ಟು ಒಪ್ಪುವುದಿಲ್ಲವೆಂದೇ ನನ್ನ ಭಾವನೆ. 1868ರಲ್ಲಿ ಬಡ ಕುಶಲಕರ್ಮಿಗಳ ಯಾಂತ್ರಿಕ ವಿದ್ಯಾಭ್ಯಾಸಕ್ಕಾಗಿ ವರ್ಷಕ್ಕೆ ಮೂರು ಸಾವಿರ ಪೌಂಡುಗಳ ವಿದ್ಯಾರ್ಥಿವೇತನವನ್ನು ಏರ್ಪಡಿಸಿದುದು ಆತನಿಗೆ ಹೆಚ್ಚು ಶೋಭಿಸುತ್ತದೆ. ಮರುವರ್ಷ ಬ್ಯಾರೊನೆಟ್ ಪದವಿ ಬಂದಿತು. 1887ರ ಜನವರಿ 22ರಂದು ಮಾಂಟೆ ಕಾರ್ಲೋದಲ್ಲಿ ತೀರಿಕೊಂಡನು. ಜರ್ಮನಿಯ ಬೆಂಜನು ತನ್ನ ಮೋಟಾರು ಗಾಡಿಗೆ ಹಕ್ಕುಪತ್ರ ಕೋರಿ ಆಗ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ.

ಆದರೂ ಬ್ರಿಟಿಷ್ ಮೋಟಾರಿನ ಮೈಯಲ್ಲಿ ವಿಟ್‌ವರ್ತನು ಬಹುಕಾಲ ಉಳಿದನು. ನಿಜಾಮರ ರೈಲ್ವೆಯು 1932ರಲ್ಲಿ ಬಸ್ಸು ಸಂಚಾರವನ್ನು ಆರಂಭಿಸಿದಾಗ ತರಿಸಿದ್ದು ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸುಗಳನ್ನು. ಬೀದರ್ ಅಂದು ಆ ರಾಜ್ಯದ ಜಿಲ್ಲೆ, ಮೈಸೂರಿಗೆ ಸೇರಿದ್ದು 1956ರಲ್ಲಿ. ಆ ಕಾಲದ ಬ್ರಿಟಿಷ್ ವಾಹನಕ್ಕೆ ಇಂದಿನ ಮಿಲಿಮೀಟರಿನ ಪಾನಾ ಹಿಡಿದರೆ ಒಂದೋ ಜಾರುತ್ತದೆ, ಇಲ್ಲವೇ ಕೂಡುವುದೇ ಇಲ್ಲ. ವಿಟ್‌ವರ್ತ್ ಪಾನಾದ ಮೇಲೆ ಬರೆದ ಅಂಕೆ ಬೋಲ್ಟಿನ ತಲೆಯ ಅಗಲವಲ್ಲ, ಅದರ ಕಾಂಡದ ದಪ್ಪ. ಅಮೆರಿಕದ ತಿರುಪಿನ ಕೋನ 60 ಅಂಶ. ಅರ್ಧ ಅಂಗುಲದ ಬೋಲ್ಟಿಗೆ ಅಲ್ಲಿ 13 ಸುತ್ತು, ಇಲ್ಲಿ 12. ತಪ್ಪು ಬೋಲ್ಟು ತಾನೇ ಸಿಕ್ಕಿಕೊಂಡು ಎಚ್ಚರಿಸುತ್ತದೆ. ಕಾಲಂಗುಲದ್ದು ಮಾತ್ರ ವಂಚಕ: ಎರಡು ಕಡೆಯೂ 20 ಸುತ್ತು. ಅಮೆರಿಕದ ಬೋಲ್ಟು ಸಲೀಸಾಗಿ ಒಳಗೆ ಹೋಗುತ್ತದೆ, ಬಿಗಿದಂತೆಯೂ ತೋರುತ್ತದೆ. ಆದರೆ ಸುತ್ತುಗಳ ಮೈಗೆ ಮೈ ಪೂರ್ತಿ ತಾಗಿರುವುದಿಲ್ಲ. ಒತ್ತಡ ಬಿದ್ದಾಗ ಹಳೆಯ ಎರಕದೊಳಗಿನ ಸುತ್ತುಗಳೇ ಸವೆದು ಕಿತ್ತು ಬರುತ್ತವೆ. ಬೋಲ್ಟು ಹೋದರೆ ಹೋಗಲಿ, ಆ ಎಂಜಿನ್ನಿನ ಎರಕವನ್ನು ಮತ್ತೆ ಹೊಯ್ಯುವವರು ಯಾರು?

ಇನ್ನೂ ವಿಚಿತ್ರವಾದುದು ಎಮ್. ಜಿ. ಕಂಪನಿಯ ಟಿ. ಸಿ., ಟಿ. ಡಿ. ಎಂಬ ಪಂದ್ಯದ ಕಾರುಗಳ ಎಂಜಿನ್ನು. ಅದನ್ನು ತಯಾರಿಸಿದ ಕವೆಂಟ್ರಿಯ ಕಾರ್ಖಾನೆ ಮೊದಲು ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯದು. 1923ರಲ್ಲಿ ಮಾರಿಸ್ ಅದನ್ನು ಕೊಂಡನು. ಫ್ರೆಂಚ್ ಯಂತ್ರಗಳು ಮಿಲಿಮೀಟರಿನ ಸುತ್ತುಗಳನ್ನೇ ಕೊರೆಯುತ್ತಿದ್ದವು. ಇಂಗ್ಲೆಂಡಿನ ಮಿಸ್ತ್ರಿಗಳ ಕೈಯಲ್ಲಿದ್ದುದು ವಿಟ್‌ವರ್ತನ ಪಾನಾ. ಆದುದರಿಂದ ಬೋಲ್ಟಿನ ಕಾಂಡ ಫ್ರಾನ್ಸಿನದಾಯಿತು, ತಲೆ ಇಂಗ್ಲೆಂಡಿನದಾಯಿತು. ಅಂತಹ ಕಾರನ್ನು ಮೊದಲಿನಂತೆ ನಿಲ್ಲಿಸಹೊರಟವರು ತುಕ್ಕು ಹಿಡಿದ ಒಂದು ಬೋಲ್ಟನ್ನೂ ಎಸೆಯದೆ, ತೊಳೆದು, ಬಿಚ್ಚಿದ ತೂತಿನ ಹೆಸರು ಬರೆದು, ಡಬ್ಬಿಯಲ್ಲಿ ಕಟ್ಟಿಡುತ್ತಾರೆ.