ಕಲಬೆರಕೆಯ ಬೆಲೆ ತಿಳಿದಿದ್ದ ವಿಜ್ಞಾನಿ

ಎಂಆರ್‌ಐ ಯಂತ್ರದೊಳಗಿನ ಸುರುಳಿ ಶುದ್ಧ ಲೋಹದ್ದಲ್ಲ. ಅದು ನಿಯೋಬಿಯಂಗೆ ಟೈಟಾನಿಯಂ ಬೆರೆಸಿದ ಮಿಶ್ರಲೋಹ. ಶುದ್ಧ ಸೀಸವಾಗಿದ್ದರೆ 0.08 ಟೆಸ್ಲಾ ಕಾಂತಕ್ಷೇತ್ರಕ್ಕೇ ಅದರ ಅತಿವಾಹಕತೆ ಸತ್ತುಹೋಗುತ್ತಿತ್ತು. ಯಂತ್ರಕ್ಕೆ ಬೇಕಿರೋದು ಸಾಮಾನ್ಯವಾಗಿ 1.5 ಟೆಸ್ಲಾ. ಬೆರಕೆ ಹೀಗೆ ವರವಾಗುವುದನ್ನು ಪ್ರಯೋಗದಲ್ಲಿ ತೋರಿಸಿಕೊಟ್ಟವರು ಲೆವ್ ಶುಬ್ನಿಕೋವ್.

1901ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಅವರು 1926ರಲ್ಲಿ ಹಾಲೆಂಡಿನ ಲೈಡನ್‌ಗೆ ಹೋದರು. ಅಲ್ಲಿ ಅತಿ ಶುದ್ಧ ಬಿಸ್ಮತ್ ಹರಳುಗಳನ್ನು ಬೆಳೆಸಿ, ಡಿ ಹಾಸ್ ಜೊತೆ ಮಾಡಿದ ಶೋಧ ಇವತ್ತಿಗೂ ಇಬ್ಬರ ಹೆಸರಲ್ಲಿದೆ. 1930ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಮರಳಿ ಖಾರ್ಕೋವ್‌ನಲ್ಲಿ ಶೀತ ಪ್ರಯೋಗಾಲಯ ಕಟ್ಟಿದರು.

ಮಿಶ್ರಲೋಹಗಳು ಜೋರು ಕಾಂತಕ್ಷೇತ್ರ ತಡೆದುಕೊಳ್ಳುತ್ತವೆ ಅನ್ನೋದು ಆಗಲೇ ಗೊತ್ತಿತ್ತು. ಆದರೆ ಬೆರಕೆ ಸಮನಾಗಿ ಹರಡಿಲ್ಲದ್ದೇ ಅದಕ್ಕೆ ಕಾರಣ ಅಂತ ಹಲವರು ನಂಬಿದ್ದರು. ಶುಬ್ನಿಕೋವ್ ತಂಡ ಸೀಸಕ್ಕೆ ಥ್ಯಾಲಿಯಂ, ಇಂಡಿಯಂ ಬೆರೆಸಿ, ಬೆರಕೆ ಸಮನಾಗಿ ಹರಡಿದ ಹರಳುಗಳನ್ನೇ ಪರೀಕ್ಷಿಸಿತು. ಬೆರಕೆ ಒಂದು ಮಿತಿ ದಾಟಿದ ಮೇಲೆ ಕಾಂತಕ್ಷೇತ್ರ ಒಳಗೆ ನುಸುಳಿದರೂ ಅತಿವಾಹಕತೆ ಉಳಿಯುತ್ತಿತ್ತು.

ಯಾಕೆ? ಪರಕೀಯ ಪರಮಾಣುಗಳು ಎಲೆಕ್ಟ್ರಾನ್‌ಗಳ ಓಟಕ್ಕೆ ಅಡ್ಡ ಬರುತ್ತವೆ. ಆಗ ಜೋಡಿ ಎಲೆಕ್ಟ್ರಾನ್‌ಗಳ ಹೊಂದಾಣಿಕೆಯ ದೂರ ಕುಗ್ಗುತ್ತದೆ. ಶುದ್ಧ ಸೀಸದಲ್ಲಿ ಸುಮಾರು 80 ನ್ಯಾನೊಮೀಟರ್ ಇರುವ ಇದು ನಿಯೋಬಿಯಂ-ಟೈಟಾನಿಯಂನಲ್ಲಿ ಕೆಲವೇ ನ್ಯಾನೊಮೀಟರ್. ಕಾಂತಕ್ಷೇತ್ರ ಅಷ್ಟೇ ಸಣ್ಣ ತಿರುಳಿನ ಸುಳಿಗಳಾಗಿ ಒಳಹೊಕ್ಕು, ಉಳಿದ ಜಾಗವನ್ನು ಅತಿವಾಹಕವಾಗಿಯೇ ಬಿಡುತ್ತದೆ. ಈ ವಿವರಣೆ ಬರುವ ಹೊತ್ತಿಗೆ ಶುಬ್ನಿಕೋವ್ ಇರಲಿಲ್ಲ.

1937 ಸ್ಟಾಲಿನ್‌ನ 'ಶುದ್ಧೀಕರಣ'ದ ವರ್ಷ. ಆಗಸ್ಟ್‌ನಲ್ಲಿ ಅವರನ್ನು ಬಂಧಿಸಿ, ಸೋವಿಯತ್ ವಿರೋಧಿ ಅಂತ ಹಣೆಪಟ್ಟಿ ಹಚ್ಚಿ, ನವೆಂಬರ್ 10ರಂದು ಗುಂಡಿಟ್ಟು ಕೊಂದರು. ವಯಸ್ಸು 36. ಭೌತವಿಜ್ಞಾನಿಯೇ ಆಗಿದ್ದ ಹೆಂಡತಿ ಓಲ್ಗಾ ಟ್ರಪೆಜ್ನಿಕೋವಾಗೆ ಸರ್ಕಾರ ಕೊಟ್ಟ ಸಾವಿನ ವರ್ಷ 1945. ಅದೂ ಸುಳ್ಳು.

1957ರಲ್ಲಿ ಸರ್ಕಾರ ಅವರನ್ನು ನಿರಪರಾಧಿ ಎಂದು ಒಪ್ಪಿತು. ಅದೇ ವರ್ಷ ಅಬ್ರಿಕೊಸೊವ್ ಸುಳಿಗಳ ಸಿದ್ಧಾಂತ ಪ್ರಕಟಿಸಿದರು. 2003ರಲ್ಲಿ ನೊಬೆಲ್ ಬಂತು. ಪ್ರಯೋಗ ಮಾಡಿದವರಿಗೆ ಸಿಕ್ಕಿದ್ದು 'ಶುಬ್ನಿಕೋವ್ ಹಂತ' ಎಂಬ ಹೆಸರಷ್ಟೇ.

ಯಾವುದು ಬೆರಕೆ, ಎಷ್ಟಿದ್ದರೆ ಒಳ್ಳೆಯದು ಅನ್ನೋದನ್ನು ಶುಬ್ನಿಕೋವ್ ಅಳೆದು ಹೇಳುತ್ತಿದ್ದರು. ಅವರನ್ನು ಕೊಂದವರು ಏನನ್ನೂ ಅಳೆಯಲಿಲ್ಲ, ಪಟ್ಟಿ ಮಾಡಿದರು ಅಷ್ಟೇ. ಜನರನ್ನು ಸೋಸಲು ಹೊರಡುವ ಯಾವ ಸರ್ಕಾರವನ್ನಾದರೂ ನೋಡಿ, ಮೊದಲು ಕಾಣೆಯಾಗೋದು ಈ ಅಳತೆಯೇ.