ಪಾದರಸದ ದೀಪ ಹಚ್ಚಿದ ಹ್ಯೂಯಿಟ್

ಹತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಅಂಗೈ ಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಡಯೋಡೊಂದನ್ನು ಇಟ್ಟುಕೊಂಡು, ಇದರೊಳಗೆ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತದೆ ಎಂದು ತೋರಿಸಿದ್ದರು. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೂ ಅದು ನನಗೆ ಮರೆತಿಲ್ಲ. ಇಂಥ ಡಯೋಡು ಬರುವುದಕ್ಕೆ ಎಷ್ಟೋ ಮುಂಚೆ, ಕಾರ್ಖಾನೆಗಳಿಗೆ ಬೇಕಾದ ನೂರಾರು ಆಂಪಿಯರ್ ಕರೆಂಟನ್ನು ಹಾಗೆ ಒಂದೇ ದಿಕ್ಕಿಗೆ ಹರಿಸಲು ದಾರಿ ತೋರಿಸಿದವರು ಅಮೆರಿಕದ ಪೀಟರ್ ಕೂಪರ್ ಹ್ಯೂಯಿಟ್.

1861ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಹ್ಯೂಯಿಟ್ ಅವರದು ಸಿರಿವಂತ ಮನೆತನ. ತಾಯಿಯ ತಂದೆ ಪೀಟರ್ ಕೂಪರ್, ದುಡಿಯುವವರ ಮಕ್ಕಳು ಶುಲ್ಕವಿಲ್ಲದೆ ಓದಲೆಂದು ಕೂಪರ್ ಯೂನಿಯನ್ ಎಂಬ ವಿದ್ಯಾಸಂಸ್ಥೆ ಕಟ್ಟಿದವರು. ತಂದೆ ಏಬ್ರಮ್ ಹ್ಯೂಯಿಟ್ ಆ ನಗರದ ಮೇಯರ್ ಆಗಿದ್ದವರು. ಮಗ ಕೂತು ಉಂಡರೂ ಕೇಳುವವರಿರಲಿಲ್ಲ. ಆದರೆ ಅವರು ಸ್ಟೀವನ್ಸ್ ಸಂಸ್ಥೆಯಲ್ಲೂ ಕೊಲಂಬಿಯಾದಲ್ಲೂ ಓದಿ ಪ್ರಯೋಗಶಾಲೆ ಹಿಡಿದರು.

1901ರಲ್ಲಿ ಪಾದರಸದ ಆವಿಯ ದೀಪಕ್ಕೆ ಪೇಟೆಂಟ್ ಪಡೆದರು. ಬೆಳಕೇನೋ ಧಾರಾಳ, ಆದರೆ ಅದರಲ್ಲಿ ಕೆಂಪು ಇರಲಿಲ್ಲ. ನೀಲಿ ಹಸಿರು ಬೆಳಕಿನಲ್ಲಿ ಮನುಷ್ಯರ ಮುಖಕ್ಕೆ ಹೆಣದ ಕಳೆ ಬರುತ್ತಿತ್ತು. ಮನೆಗೆ ಯಾರೂ ಬಯಸದ ಆ ದೀಪ ಕಾರ್ಖಾನೆಗಳಿಗೂ ಫೋಟೋ ಸ್ಟುಡಿಯೋಗಳಿಗೂ ಹೋಯಿತು.

ಆ ದೀಪದಲ್ಲೇ ಅವರಿಗೆ ಇನ್ನೊಂದು ವಿಷಯ ಸಿಕ್ಕಿತು. ಕೊಳವೆಯಲ್ಲಿನ ಪಾದರಸದ ಮೇಲೆ ಉರಿಯುವ ಬಿಸಿ ಚುಕ್ಕೆಯಿಂದ ಎಲೆಕ್ಟ್ರಾನುಗಳು ಹೊಮ್ಮುತ್ತವೆ. ಎದುರಿನ ತುದಿಯಿಂದ ಹೊಮ್ಮುವುದಿಲ್ಲ. ಹಾಗಾಗಿ ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟು ಕೊಟ್ಟರೆ ಒಂದೇ ದಿಕ್ಕಿನದು, ಅಂದರೆ ಡಿಸಿ, ಹೊರಬರುತ್ತದೆ. 1902ರಲ್ಲಿ ಅದೇ ಪಾದರಸದ ರೆಕ್ಟಿಫೈಯರ್ ಆಯಿತು.

ಅಲ್ಲಿಯವರೆಗೆ ಈ ಕೆಲಸಕ್ಕಿದ್ದದ್ದು ರೋಟರಿ ಕನ್ವರ್ಟರ್. ಗಡಗಡನೆ ತಿರುಗುವ ಯಂತ್ರ, ಸವೆಯುವ ಬ್ರಷ್, ಪಕ್ಕದಲ್ಲಿ ನಿಗಾ ಇಡಲು ಒಬ್ಬ ಆಳು. ಹ್ಯೂಯಿಟ್ ಅವರ ಗಾಜಿನ ಬುರುಡೆಯಲ್ಲಿ ತಿರುಗುವುದೇನೂ ಇಲ್ಲ. ಆ ಕಾಲದ ವಿದ್ಯುತ್ ಕಾರುಗಳ ಬ್ಯಾಟರಿ ಚಾರ್ಜಿಗೆ ಅದು ಹೇಳಿ ಮಾಡಿಸಿದಂತಿತ್ತು. ಗಾಜು ತಾಳದಷ್ಟು ಕರೆಂಟಿಗೆ ಮುಂದೆ ಉಕ್ಕಿನ ತೊಟ್ಟಿಗಳು ಬಂದು, ಸಾವಿರಾರು ಆಂಪಿಯರ್ ಹರಿಯಿತು.

ದೋಷವೂ ಇತ್ತು. ಒಮ್ಮೊಮ್ಮೆ ಕಿಡಿ ಹಿಮ್ಮುಖವಾಗಿ ಹೊತ್ತಿ ಶಾರ್ಟ್ ಆಗುತ್ತಿತ್ತು. ಜೊತೆಗೆ ಸುಮಾರು 20 ವೋಲ್ಟ್ ಅದರೊಳಗೇ ಕಳೆದುಹೋಗುತ್ತಿತ್ತು. 600 ವೋಲ್ಟಿನ ಟ್ರಾಮಿಗೆ ಇದು ನೂರಕ್ಕೆ ಮೂರರಷ್ಟು, ಲೆಕ್ಕಕ್ಕಿಲ್ಲ. 10 ವೋಲ್ಟ್ ಸಾಕಾಗುವ ಲೋಹಲೇಪನದ ತೊಟ್ಟಿಗೆ ಜೋಡಿಸಿದರೆ ಬಳಕೆಯ ಎರಡರಷ್ಟು ನಷ್ಟ! ಯಾವುದು ಒಳ್ಳೆಯ ರೆಕ್ಟಿಫೈಯರ್ ಎಂದು ಕೇಳುವ ಮುಂಚೆ ಎಷ್ಟು ವೋಲ್ಟಿಗೆ ಎಂದು ಕೇಳಬೇಕು. ಈಗಿನ ಸಿಲಿಕಾನ್ ಡಯೋಡಿನಲ್ಲಿ ಹೋಗುವುದು ಸುಮಾರು 1 ವೋಲ್ಟ್. ಸಾವಿರ ಆಂಪಿಯರಿಗೆ ಅಲ್ಲಿ 20 ಕಿಲೋವ್ಯಾಟ್ ಬಿಸಿಯಾದರೆ ಇಲ್ಲಿ ಒಂದೇ. ಆದರೆ ವೋಲ್ಟೇಜ್ ಮಿತಿಮೀರಿದರೆ ಸಿಲಿಕಾನ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಪಾದರಸ ತಡೆದುಕೊಂಡು ಮತ್ತೆ ಕೆಲಸಕ್ಕೆ ನಿಲ್ಲುತ್ತಿತ್ತು. ಆ ಮಟ್ಟಿಗೆ ಹಳೆಯದೇ ಗಟ್ಟಿ.

ಹ್ಯೂಯಿಟ್ ನೀರಿನ ಮೇಲೆ ಎದ್ದು ಓಡುವ ದೋಣಿ ಮಾಡಿದರು. ಮೊದಲ ಮಹಾಯುದ್ಧದ ವೇಳೆ ಸ್ಪೆರ್ರಿ ಅವರೊಂದಿಗೆ ಚಾಲಕನಿಲ್ಲದ ವಿಮಾನಕ್ಕೂ ಕೈಹಾಕಿದರು. 1921ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. 1954ರಲ್ಲಿ ಸ್ವೀಡನ್ನಿನವರು ಸಮುದ್ರದಡಿಯಿಂದ ಗಾಟ್ಲೆಂಡ್ ದ್ವೀಪಕ್ಕೆ ವಿದ್ಯುತ್ ಒಯ್ದದ್ದು ಪಾದರಸದ ಉಪಕರಣದಿಂದಲೇ. ಅದನ್ನು ನೋಡಲು ಅವರಿರಲಿಲ್ಲ.

ನಾನು ದಿನಾ ಹತ್ತುವ ನಮ್ಮ ಮೆಟ್ರೋ ಓಡುವುದು 750 ವೋಲ್ಟ್ ಡಿಸಿಯಲ್ಲಿ. ಅದನ್ನು ಒದಗಿಸುವುದು ಈಗ ಸಿಲಿಕಾನ್, ಮೇಷ್ಟ್ರ ಅಂಗೈ ಮೇಲಿದ್ದ ಡಯೋಡಿನ ದೊಡ್ಡಣ್ಣ.