ಗೆಳೆಯರ ಬಲದಿಂದ ಬೈಕ್ ಕಟ್ಟಿದ ಜಾನ್ ಬ್ರಿಟನ್

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ 1950ರ ಆಗಸ್ಟ್ 1ರಂದು ಜನಿಸಿದ ಜಾನ್ ಬ್ರಿಟನ್ ಅವರಿಗೆ ಬಾಲ್ಯದಲ್ಲಿ ಓದು-ಬರಹ ಸುಲಭವಾಗಿರಲಿಲ್ಲ. ಡಿಸ್ಲೆಕ್ಸಿಯಾ ಅವರನ್ನು ಕಾಡಿತ್ತು. ಆದರೆ ಯಂತ್ರವಿದ್ಯೆ ಕೈಗೆ ಒಲಿದಿತ್ತು.

ರೇಸ್ ಬೈಕ್‌ಗಳನ್ನು ಮಾರ್ಪಡಿಸುತ್ತಲೇ ಬೆಳೆದ ಅವರು, ಕೊನೆಗೆ ಎಂಜಿನ್ನನ್ನೂ ತಾವೇ ತಯಾರಿಸಲು ನಿರ್ಧರಿಸಿದರು. ಮನೆಯ ಶೆಡ್ಡೇ ಕಾರ್ಯಾಗಾರವಾಯಿತು; ಗೆಳೆಯರ ಪುಟ್ಟ ತಂಡ ಹೆಗಲು ಕೊಟ್ಟಿತು. ಬೈಕಿನ ಹೊರಮೈಗೆ ತಂತಿ ಮತ್ತು ಅಂಟಿನಿಂದ ಮಾದರಿ ಸಿದ್ಧವಾಯಿತು. ಲೋಹದ ಭಾಗಗಳು ಪತ್ನಿಯ ಕುಂಬಾರಿಕೆಯ ಕುಲುಮೆಯಲ್ಲಿ ಹದಗೊಂಡವು.

ಎರಡು ಚಕ್ರಗಳ ನಡುವಣ ಅಂತರವಾದ ವೀಲ್‌ಬೇಸ್ ಹೆಚ್ಚಿದರೆ ಬೈಕ್ ನೇರ ಓಟದಲ್ಲಿ ಸ್ಥಿರವಾಗಿರುತ್ತದೆ. ಕಡಿಮೆಯಾದರೆ ತಿರುವಿನಲ್ಲಿ ಚುರುಕಾಗುತ್ತದೆ. ನೆಲದಿಂದ ಬೈಕಿನ ಎತ್ತರ ಬದಲಾದರೂ ಅದರ ನಡೆ ಬದಲಾಗುತ್ತದೆ. ಈ ಸಮತೋಲ ಸಾಧಿಸಲು ಬ್ರಿಟನ್ ಪ್ರತ್ಯೇಕ ಚೌಕಟ್ಟನ್ನೇ ಕೈಬಿಟ್ಟು ಎಂಜಿನ್ನನ್ನೇ ಬೆನ್ನೆಲುಬಾಗಿಸಿದರು. ರೇಡಿಯೇಟರ್ ಸೀಟಿನ ಕೆಳಗೆ ಸರಿಯಿತು. ಹಿಂಚಕ್ರದ ಶಾಕ್ ಅಬ್ಸಾರ್ಬರ್ ಎಂಜಿನ್ನಿನ ಮುಂದಕ್ಕೆ ಬಂತು. ಹೀಗೆ ರೂಪುಗೊಂಡ 999 ಸಿ.ಸಿ.ಯ ವಿ1000 ಬೈಕಿನ ವೀಲ್‌ಬೇಸ್ 1420 ಮಿ.ಮೀ., ತೂಕ ಕೇವಲ 138 ಕೆ.ಜಿ.

ಅಮೆರಿಕದ ಡೇಟೋನಾದಲ್ಲಿ 1991ರಲ್ಲಿ ಬ್ರಿಟನ್ ಬೈಕ್‌ಗಳು ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದವು. 1992ರಲ್ಲಿ ಮುನ್ನಡೆಯಲ್ಲಿದ್ದ ಬೈಕ್ ವಿದ್ಯುತ್ ದೋಷದಿಂದ ನಿಂತುಹೋಯಿತು. ತಂಡ ಎದೆಗುಂದಲಿಲ್ಲ, 1994ರಲ್ಲಿ ಅಲ್ಲಿಯೇ ಗೆದ್ದಿತು.

ಆದರೆ ಕ್ಯಾನ್ಸರ್ ಅವರನ್ನು ಬಿಡಲಿಲ್ಲ. 1995ರ ಸೆಪ್ಟೆಂಬರ್ 5ರಂದು, 45ನೇ ವಯಸ್ಸಿನಲ್ಲಿ ಅವರು ನಿಧನರಾದರು. ಒಟ್ಟು ತಯಾರಾದ ವಿ1000 ಬೈಕ್‌ಗಳು ಹತ್ತೇ. ಅವುಗಳಲ್ಲೊಂದು ವೆಲಿಂಗ್ಟನ್ನಿನ ಟೆ ಪಾಪಾ ವಸ್ತುಸಂಗ್ರಹಾಲಯವನ್ನು ಸೇರಿದೆ. ದೊಡ್ಡ ಕಂಪನಿಗಳ ಎದುರು ಒಂದು ಶೆಡ್ ಮತ್ತು ಕೆಲವು ಗೆಳೆಯರು ಸಾಧಿಸಿದ್ದಕ್ಕೆ ಅದು ಸಾಕ್ಷಿ.